ವಿಮಾನಯಾನಕ್ಕೆ ಒದಗುವ ಹವಾಮಾನ ಮಾದರಿ: ಎಲ್ಲಿ ತಿದ್ದಬೇಕು, ಹೇಗೆ ತಿದ್ದಬೇಕು

ಮುನ್ಸೂಚನಾ ಮಾದರಿ (ಮುಂದಿನ ಹವಾಮಾನವನ್ನು ಗಣಕದಲ್ಲಿ ಲೆಕ್ಕ ಹಾಕುವ ವ್ಯವಸ್ಥೆ) ಸುಧಾರಿಸಿದೆ ಎಂದು ಯಾರಾದರೂ ಹೇಳಿದರೆ, ಯಾವ ನಿರ್ಧಾರದ ಮಟ್ಟಿಗೆ ಸುಧಾರಿಸಿದೆ ಎಂದು ಮೊದಲು ಕೇಳಿ. ಜಗತ್ತಿನ ದೊಡ್ಡ ಹವಾಮಾನ ಕೇಂದ್ರಗಳು ತಮ್ಮ ಮಾದರಿಗಳನ್ನು ಅಳೆಯುವುದು ಹೆಚ್ಚಾಗಿ ಸುಮಾರು ಐದೂವರೆ ಕಿಲೋಮೀಟರ್ ಎತ್ತರದ ಒತ್ತಡ ವಿನ್ಯಾಸವನ್ನು ಎಷ್ಟು ದಿನ ಮುಂಚಿತವಾಗಿ ಸರಿ ಹಿಡಿದವು ಎಂಬುದರಿಂದ. ಆ ಅಂಕ ಮುಖ್ಯವೇ. ಆದರೆ ನಾಳೆ ಬೆಳಗಿನ ಆರರಿಂದ ಎಂಟರವರೆಗೆ ಒಂದು ರನ್‌ವೇ ತೆರೆದಿರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಆ ಅಂಕದಲ್ಲಿ ಉತ್ತರವಿಲ್ಲ.

ವಿಮಾನಯಾನದಲ್ಲಿ ನಿರ್ಧಾರಗಳು ಮೂರು ಹೊತ್ತಿನಲ್ಲಿ ಆಗುತ್ತವೆ. ಹೊರಡುವ ಕೆಲವು ಗಂಟೆ ಮೊದಲು ಡಿಸ್ಪ್ಯಾಚರ್ ಎಷ್ಟು ಇಂಧನ ತುಂಬಬೇಕು, ಪರ್ಯಾಯ ನಿಲ್ದಾಣ ಯಾವುದು ಎಂದು ತೀರ್ಮಾನಿಸುತ್ತಾರೆ. ಅವರಿಗೆ ಮುಂದಿನ ಹನ್ನೆರಡು, ಹದಿನೆಂಟು ಗಂಟೆಗಳ ಚಿತ್ರ ಬೇಕು. ವಾಯು ಸಂಚಾರ ನಿಯಂತ್ರಣದವರಿಗೆ ಎರಡರಿಂದ ಆರು ಗಂಟೆಯ ಚಿತ್ರ ಸಾಕು, ಆದರೆ ಗುಡುಗು ಮೋಡಗಳ ಸಾಲು ಯಾವ ಮಾರ್ಗವನ್ನು ಮುಚ್ಚುತ್ತದೆ ಎಂಬುದು ಅದರಲ್ಲಿ ಖಚಿತವಾಗಿರಬೇಕು. ಇಳಿಯಲು ಬರುತ್ತಿರುವ ಪೈಲಟ್‌ಗೆ ಬೇಕಿರುವುದು ಮುಂದಿನ ಇಪ್ಪತ್ತು ನಿಮಿಷ. ಈ ಮೂರಕ್ಕೂ ಒಂದೇ ಮಾದರಿಯನ್ನು ಒಂದೇ ರೀತಿಯಲ್ಲಿ ತಿದ್ದಿದರೆ ಆಗುವುದಿಲ್ಲ.

ಸುಲಭವಾದದ್ದನ್ನು ಮೊದಲು ಮುಗಿಸೋಣ: ಎತ್ತರದ ಗಾಳಿ. ಜಾಗತಿಕ ಮಾದರಿಗಳು ಅತ್ಯಂತ ಚೆನ್ನಾಗಿ ಮಾಡುವ ಕೆಲಸ ಇದು. ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಲಂಡನ್ ಮತ್ತು ವಾಷಿಂಗ್ಟನ್ನಿನ ಎರಡು ಕೇಂದ್ರಗಳು ಆರು ಗಂಟೆಗೊಮ್ಮೆ ಇಡೀ ಭೂಗೋಳಕ್ಕೆ ಹಾರಾಟದ ಮಟ್ಟಗಳ ಗಾಳಿ ಮತ್ತು ಉಷ್ಣಾಂಶವನ್ನು ಕೊಡುತ್ತವೆ. ಇಲ್ಲಿ ಉಳಿದಿರುವ ತಪ್ಪು ಸಣ್ಣದು, ಆದರೆ ಅದಕ್ಕೂ ಬೆಲೆ ಇದೆ. ಲೆಕ್ಕ ಹಾಕಿ ನೋಡಿ. 3,000 ನಾಟಿಕಲ್ ಮೈಲಿ ದೂರವನ್ನು ನೆಲದ ವೇಗ (ನೆಲಕ್ಕೆ ಹೋಲಿಸಿದ ವೇಗ) 480 ನಾಟ್‌ನಲ್ಲಿ, ಅಂದರೆ ಗಂಟೆಗೆ 480 ನಾಟಿಕಲ್ ಮೈಲಿಯಂತೆ, ಹಾರಿದರೆ 6 ಗಂಟೆ 15 ನಿಮಿಷ. ಎದುರುಗಾಳಿ ಲೆಕ್ಕಕ್ಕಿಂತ ಸರಾಸರಿ 10 ನಾಟ್ ಹೆಚ್ಚಿದ್ದರೆ 6 ಗಂಟೆ 23 ನಿಮಿಷ. ಗಂಟೆಗೆ 6 ಟನ್ ಇಂಧನ ಸುಡುವ ಅಗಲ ದೇಹದ ವಿಮಾನಕ್ಕೆ ಆ 8 ನಿಮಿಷವೆಂದರೆ 800 ಕಿಲೋ. ಈ ಅನುಮಾನದ ಕಾರಣಕ್ಕೇ ಹೆಚ್ಚುವರಿ ಇಂಧನ ಹೊರುತ್ತಾರೆ. ಹೊತ್ತ ಹೆಚ್ಚುವರಿ ಇಂಧನದಲ್ಲೂ ಪ್ರತಿ ಗಂಟೆಗೆ ಸುಮಾರು ಶೇ 3ರಷ್ಟು, ಅದನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಎಂಟು ಗಂಟೆಯ ಹಾರಾಟದಲ್ಲಿ ಹೆಚ್ಚಿಗೆ ಹಾಕಿದ ಒಂದು ಟನ್ನಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಇಳಿಯುವ ಹೊತ್ತಿಗೆ ಇರುವುದಿಲ್ಲ.

ಎತ್ತರದ ಗಾಳಿಯ ಮುನ್ಸೂಚನೆ ಇಷ್ಟು ಚೆನ್ನಾಗಿರುವುದಕ್ಕೆ ಒಂದು ದೊಡ್ಡ ಕಾರಣ ವಿಮಾನಗಳೇ. ಆಮ್ಡಾರ್ ಎಂಬ ವ್ಯವಸ್ಥೆಯಲ್ಲಿ ಪ್ರಯಾಣಿಕ ವಿಮಾನಗಳು ತಾವು ಅಳೆದ ಗಾಳಿ, ಉಷ್ಣಾಂಶವನ್ನು ಹಾರುತ್ತಲೇ ಕಳುಹಿಸುತ್ತವೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಹಾರಾಟ ನಿಂತಾಗ ಈ ವರದಿಗಳು ಕೆಲವೇ ವಾರಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ಅದಕ್ಕೆ ಹಿಂದಿನ ವರ್ಷವಷ್ಟೇ ಯುರೋಪಿನ ಮಧ್ಯಮ ವ್ಯಾಪ್ತಿಯ ಮುನ್ಸೂಚನಾ ಕೇಂದ್ರ ಒಂದು ಪರೀಕ್ಷೆ ಮಾಡಿತ್ತು. ವಿಮಾನಗಳ ದತ್ತಾಂಶವನ್ನು ಪೂರ್ತಿ ತೆಗೆದುಹಾಕಿದರೆ ಹಾರಾಟದ ಎತ್ತರದಲ್ಲಿ ಅಲ್ಪಾವಧಿಯ ಗಾಳಿ, ಉಷ್ಣಾಂಶದ ಮುನ್ಸೂಚನೆ ಶೇ 15ರವರೆಗೆ ಹದಗೆಡುತ್ತದೆ ಎಂಬುದು ಅದರ ಫಲಿತಾಂಶ.

ಆದರೆ ದತ್ತಾಂಶ ಬಂದಿತೆಂದು ಹಾಗೇ ಮಾದರಿಯೊಳಗೆ ಸುರಿಯುವಂತಿಲ್ಲ. ಹೊಸ ಮೂಲವೊಂದನ್ನೇ ನೋಡಿ. ವಾಯು ಸಂಚಾರದ ರಾಡಾರ್ ಮೋಡ್-ಎಸ್ ಎಂಬ ಪ್ರಶ್ನೋತ್ತರ ಸಂಕೇತದ ಮೂಲಕ ಪ್ರತಿ ವಿಮಾನವನ್ನೂ ಕೆಲವು ಸೆಕೆಂಡಿಗೊಮ್ಮೆ ಮಾತಾಡಿಸುತ್ತದೆ. ವಿಮಾನ ತನ್ನ ಗಾಳಿವೇಗ (ಸುತ್ತಲಿನ ಗಾಳಿಗೆ ಹೋಲಿಸಿದ ತನ್ನ ವೇಗ), ಮೂತಿಯ ದಿಕ್ಕು, ನೆಲದ ವೇಗ, ನೆಲದ ಮೇಲಿನ ಪಥ ಎಲ್ಲವನ್ನೂ ಹೇಳುತ್ತದೆ. ನೆಲದ ಚಲನೆಯಿಂದ ಗಾಳಿಯೊಳಗಿನ ಚಲನೆಯನ್ನು ಕಳೆದರೆ ಉಳಿಯುವುದೇ ಗಾಳಿ. ಹೊಸ ಉಪಕರಣವೇ ಬೇಡ, ದತ್ತಾಂಶ ಧಾರಾಳ. ಆದರೆ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣದೊಂದನ್ನು ಹೊರತೆಗೆಯುವಾಗ ತಪ್ಪು ಹಿಗ್ಗುತ್ತದೆ. 450 ನಾಟ್‌ನಲ್ಲಿ ಹಾರುವ ವಿಮಾನದ ದಿಕ್ಕು ಒಂದೇ ಡಿಗ್ರಿ ತಪ್ಪಿದ್ದರೆ ಅಡ್ಡಗಾಳಿಯಲ್ಲಿ ಸುಮಾರು 8 ನಾಟ್ ಸುಳ್ಳು ಗಾಳಿ ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರತಿ ವಿಮಾನಕ್ಕೂ ಅದರದೇ ದಿಕ್ಕಿನ ತಿದ್ದುಪಡಿ ಬೇಕು. ಅದೇ ವಿಮಾನದ ಹಲವು ದಿನಗಳ ವರದಿಯನ್ನು ಮಾದರಿಯ ಗಾಳಿಯೊಂದಿಗೆ ಹೋಲಿಸಿ, ಸ್ಥಿರವಾಗಿ ಉಳಿಯುವ ವ್ಯತ್ಯಾಸವನ್ನು ತೆಗೆಯಬೇಕು. ಉಷ್ಣಾಂಶದ್ದೂ ಇದೇ ಕತೆ: ವಿಮಾನದ ಸಂವೇದಕಗಳು ಸಾಮಾನ್ಯವಾಗಿ ತುಸು ಬೆಚ್ಚಗೆ ತೋರಿಸುತ್ತವೆ, ಎಷ್ಟು ಎಂಬುದು ವಿಮಾನದಿಂದ ವಿಮಾನಕ್ಕೆ ಬೇರೆ. ತೇವಾಂಶ ಅಳೆಯುವ ಸಂವೇದಕವಿರುವ ವಿಮಾನಗಳಂತೂ ತೀರಾ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಇವತ್ತಿನ ದೊಡ್ಡ ಕೊರತೆ ಅದೇ, ಏಕೆಂದರೆ ಮಂಜು, ಹಿಮಗಟ್ಟುವಿಕೆ, ಗುಡುಗು ಮಳೆ ಮೂರೂ ತೇವಾಂಶದ ಮೇಲೆ ನಿಂತಿವೆ.

ಈಗ ಗುಡುಗು ಮೋಡಗಳಿಗೆ ಬರೋಣ. ಮಾದರಿ ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ, ಒಂದು ಚೌಕದಿಂದ ಇನ್ನೊಂದಕ್ಕಿರುವ ದೂರವೇ ಗ್ರಿಡ್ ಅಂತರ. ಗ್ರಿಡ್ ಅಂತರ 9 ಕಿಲೋಮೀಟರ್ ಇರುವ ಮಾದರಿ 9 ಕಿಲೋಮೀಟರ್ ಗಾತ್ರದ ಮೋಡವನ್ನು ಕಾಣುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಮಾದರಿ ಸರಿಯಾಗಿ ಹಿಡಿಯಬಲ್ಲ ಕನಿಷ್ಠ ಗಾತ್ರ ಗ್ರಿಡ್ ಅಂತರದ ಆರೇಳು ಪಟ್ಟು. ಒಂದು ಗುಡುಗು ಕೋಶದ ಅಗಲ 5ರಿಂದ 10 ಕಿಲೋಮೀಟರ್. ಹಾಗಾಗಿ ದೊಡ್ಡ ಮಾದರಿಗಳಲ್ಲಿ ಮೋಡ ಎಂಬುದು ಚೌಕದೊಳಗಿನ ಅಂದಾಜು ಸೂತ್ರವಾಗಿ ಮಾತ್ರ ಇರುತ್ತದೆ. ಆ ಸೂತ್ರ ನೆಲ ಕಾದ ಕೂಡಲೇ ಮಳೆ ಸುರಿಸಿಬಿಡುವುದು ಹಳೆಯ ದೋಷ. ನಿಜವಾದ ಮೋಡ ಸಂಜೆ ನಾಲ್ಕಕ್ಕೆ ಎದ್ದರೆ ಮಾದರಿಯ ಮೋಡ ಮಧ್ಯಾಹ್ನಕ್ಕೇ ಎದ್ದು ಮುಗಿದಿರುತ್ತದೆ. ಗ್ರಿಡ್ ಅಂತರವನ್ನು ಸುಮಾರು 3 ಕಿಲೋಮೀಟರಿಗೆ ಇಳಿಸಿದರೆ ಈ ಸೂತ್ರವನ್ನು ತೆಗೆದುಹಾಕಿ, ಮೋಡಗಳ ಸಾಲನ್ನು ಮಾದರಿಯೇ ಕಟ್ಟುವಂತೆ ಮಾಡಬಹುದು. ಒಂಟಿ ಕೋಶ ಆಗಲೂ ಒರಟಾಗಿಯೇ ಇರುತ್ತದೆ, ಆದರೆ ಸಾಲಿನ ಆಕಾರ, ಚಲನೆ, ಹುಟ್ಟುವ ಹೊತ್ತು ಬಹಳ ಸುಧಾರಿಸುತ್ತವೆ. ಇದಕ್ಕೆ ತೆರುವ ಬೆಲೆ ಗಣಕ ಶಕ್ತಿ: ಅಂತರ ಅರ್ಧಕ್ಕಿಳಿದರೆ ಎರಡು ದಿಕ್ಕಿನಲ್ಲೂ ಚೌಕಗಳು ಇಮ್ಮಡಿಯಾಗುತ್ತವೆ, ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಒಟ್ಟು ಎಂಟು ಪಟ್ಟು ಲೆಕ್ಕ.

ಅಮೆರಿಕದಲ್ಲಿ 2014ರಿಂದ ಬಳಕೆಯಲ್ಲಿರುವ ಎಚ್‌ಆರ್‌ಆರ್‌ಆರ್ ಮಾದರಿ ಈ ದಾರಿಯದು. 3 ಕಿಲೋಮೀಟರ್ ಗ್ರಿಡ್, ಪ್ರತಿ ಗಂಟೆಗೂ ಹೊಸ ಮುನ್ಸೂಚನೆ. ಅದರ ಒಂದು ಜಾಣತನವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಯಾವ ಮಾದರಿಯನ್ನು ಚಾಲೂ ಮಾಡಿದರೂ ಮೊದಲ ಒಂದೆರಡು ಗಂಟೆ ಅದರೊಳಗೆ ಮೋಡ ಎದ್ದು ನಿಲ್ಲುವುದಕ್ಕೇ ಹೋಗುತ್ತದೆ. ರಾಡಾರಿನಲ್ಲಿ ಈಗಾಗಲೇ ಮಳೆ ಸುರಿಯುತ್ತಿದ್ದರೂ ಮಾದರಿಯ ಆಕಾಶ ಖಾಲಿ. ಎಚ್‌ಆರ್‌ಆರ್‌ಆರ್ ಮುನ್ಸೂಚನೆಗೆ ಮೊದಲಿನ ಒಂದು ಗಂಟೆಯನ್ನು ಹದಿನೈದು ಹದಿನೈದು ನಿಮಿಷದ ತುಂಡು ಮಾಡಿ, ರಾಡಾರ್ ಮಳೆ ತೋರಿಸುವ ಜಾಗದಲ್ಲಿ ಮೋಡ ಕಟ್ಟುವಾಗ ಬಿಡುಗಡೆಯಾಗುವ ಶಾಖವನ್ನು ಮಾದರಿಗೆ ಹಾಕುತ್ತದೆ. ಶಾಖ ಬಿದ್ದಲ್ಲಿ ಗಾಳಿ ಮೇಲೇಳುತ್ತದೆ, ಕೆಳಗಿನ ತೇವ ಒಳಗೆ ಸೆಳೆಯುತ್ತದೆ, ಮೋಡ ತನ್ನದೇ ಚಲನೆಯೊಂದಿಗೆ ಸಿದ್ಧವಾಗುತ್ತದೆ. ಬರೀ ಮಳೆ ನೀರನ್ನು ಮಾದರಿಗೆ ಸುರಿದಿದ್ದರೆ ಅದು ಕೆಲವೇ ನಿಮಿಷದಲ್ಲಿ ಕೆಳಗೆ ಬಿದ್ದು ಮುಗಿಯುತ್ತಿತ್ತು, ಮೋಡವನ್ನು ಎತ್ತಿ ಹಿಡಿಯುವ ಗಾಳಿಯೇ ಇರುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಮೊದಲ ಒಂದು ಗಂಟೆಯಲ್ಲಿ ರಾಡಾರ್ ಚಿತ್ರವನ್ನೇ ಮುಂದಕ್ಕೆ ತಳ್ಳುವ ಸರಳ ವಿಧಾನ ಮಾದರಿಯನ್ನು ಹಿಂದಿಕ್ಕುತ್ತದೆ. ಆಮೇಲೆ ಅದರ ಶಕ್ತಿ ಬೇಗ ಕುಸಿಯುತ್ತದೆ, ಏಕೆಂದರೆ ಅದಕ್ಕೆ ಹೊಸ ಮೋಡ ಹುಟ್ಟಿಸಲು ಬರುವುದಿಲ್ಲ. ಎರಡನ್ನೂ ಬೆರೆಸಿ, ಕಾಲ ಸರಿದಂತೆ ತೂಕವನ್ನು ಮಾದರಿಯ ಕಡೆಗೆ ಸರಿಸುವುದೇ ಸರಿಯಾದ ದಾರಿ. ಇಲ್ಲಿ ಇನ್ನೊಂದು ಮಾತು. ಮೈಕ್ರೋಬರ್ಸ್ಟ್ ಅಂದರೆ ಮೋಡದ ಬುಡದಿಂದ ನೆಲಕ್ಕೆ ಅಪ್ಪಳಿಸಿ ಹರಡುವ ಗಾಳಿ, ಅಗಲ 4 ಕಿಲೋಮೀಟರಿಗಿಂತ ಕಡಿಮೆ, ಆಯಸ್ಸು ಕೆಲವೇ ನಿಮಿಷ. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191 ವಿಮಾನವನ್ನು ಕೆಡವಿದ್ದು ಇಂಥದ್ದೇ. ಇದನ್ನು ಮಾದರಿಯಿಂದ ನಿರೀಕ್ಷಿಸಬೇಡಿ. ಅದಕ್ಕೆ ನಿಲ್ದಾಣದ ಬಳಿಯ, ಗಾಳಿಯ ಚಲನೆಯನ್ನು ಅಳೆಯುವ ಡಾಪ್ಲರ್ ರಾಡಾರ್ ಮತ್ತು ರನ್‌ವೇ ಸುತ್ತಲಿನ ಗಾಳಿಮಾಪಕಗಳೇ ಗತಿ. ಈ ದಿನ ಇಂಥ ಗಾಳಿಗೆ ಅನುಕೂಲ ವಾತಾವರಣವಿದೆ ಎಂಬಷ್ಟನ್ನು ಮಾದರಿ ಹೇಳಬಲ್ಲದು.

ಮಂಜಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಮಾದರಿಗಳು ಅತಿ ಹೆಚ್ಚು ಸೋಲುವುದು ಅಲ್ಲೇ. ಸರಿಯಾಗಿ ಕಾಣದಿದ್ದಾಗ ಉಪಕರಣಗಳ ನೆರವಿನಿಂದ ವಿಮಾನ ಇಳಿಸುವ ದರ್ಜೆಗಳು ನಿಮಗೆ ಗೊತ್ತಿರಬಹುದು. ಮೊದಲ ದರ್ಜೆಗೆ ರನ್‌ವೇ ಮೇಲಿನ ದೃಷ್ಟಿ ದೂರ 550 ಮೀಟರ್ ಬೇಕು, ಎರಡನೆಯದಕ್ಕೆ 300, ಅದಕ್ಕಿಂತ ಕೆಳಗೆ ಮೂರನೆಯ ದರ್ಜೆ. ಮಾದರಿ ದೃಷ್ಟಿ ದೂರವನ್ನು ನೇರವಾಗಿ ಲೆಕ್ಕ ಹಾಕುವುದಿಲ್ಲ. ಗಾಳಿಯಲ್ಲಿ ಎಷ್ಟು ಗ್ರಾಂ ನೀರಹನಿ ಇದೆ ಎಂದು ಹೇಳುತ್ತದೆ, ಅದರಿಂದ ಒಂದು ಸೂತ್ರ ಹಾಕಿ ದೂರ ಪಡೆಯುತ್ತೇವೆ. ಬಹುಕಾಲದಿಂದ ಬಳಕೆಯಲ್ಲಿರುವ ಕುಂಕೆಲ್ ಸೂತ್ರದ ಪ್ರಕಾರ ಘನ ಮೀಟರಿಗೆ 0.03 ಗ್ರಾಂ ನೀರಿದ್ದರೆ ಕಾಣುವುದು ಸುಮಾರು 590 ಮೀಟರ್. 0.05 ಗ್ರಾಂ ಆದರೆ 380. 0.1 ಗ್ರಾಂ ಆದರೆ 205. ರನ್‌ವೇ ದೀಪಗಳಿಂದಾಗಿ ಪೈಲಟ್‌ಗೆ ಕಾಣುವ ದೂರ ಇದಕ್ಕಿಂತ ಬೇರೆ ಇರುತ್ತದೆ, ಆದರೂ ಅಳತೆಯ ಸೂಕ್ಷ್ಮ ಗಮನಿಸಿ. ಗ್ರಾಂನ ನೂರರಲ್ಲಿ ಏಳು ಭಾಗದ ವ್ಯತ್ಯಾಸ ಒಂದನೇ ದರ್ಜೆಯಿಂದ ಮೂರನೇ ದರ್ಜೆಗೆ ತಳ್ಳುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಅದೇ 0.1 ಗ್ರಾಂ ನೀರು ಎಷ್ಟು ಹನಿಗಳಾಗಿ ಹಂಚಿಕೊಂಡಿದೆ ಎಂಬುದೂ ಬೇಕು. ಹನಿಗಳ ಸಂಖ್ಯೆಯನ್ನೂ ಸೇರಿಸಿಕೊಂಡ ಗುಲ್ಟೆಪೆ ಸೂತ್ರ ಹಾಕಿದರೆ, ಘನ ಸೆಂಟಿಮೀಟರಿಗೆ 50 ಹನಿಗಳಿದ್ದಾಗ ದೃಷ್ಟಿ ದೂರ ಸುಮಾರು 350 ಮೀಟರ್, 200 ಹನಿಗಳಿದ್ದಾಗ 145 ಮೀಟರ್. ನೀರು ಅಷ್ಟೇ, ಹನಿ ಸಣ್ಣ, ಸಂಖ್ಯೆ ಹೆಚ್ಚು, ಆದ್ದರಿಂದ ಬೆಳಕು ಹೆಚ್ಚು ಚದುರುತ್ತದೆ. ಹನಿಗಳ ಸಂಖ್ಯೆಯನ್ನು ನಿರ್ಧರಿಸುವುದು ಗಾಳಿಯ ಧೂಳು, ಹೊಗೆ. ಅನೇಕ ಮಾದರಿಗಳು ಇದಕ್ಕೆ ವರ್ಷಪೂರ್ತಿ ಒಂದೇ ಸಂಖ್ಯೆ ಇಟ್ಟುಕೊಂಡಿರುತ್ತವೆ. ದೊಡ್ಡ ನಗರದ ಪಕ್ಕದ ನಿಲ್ದಾಣದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ದೆಹಲಿಯ ವಿಮಾನ ನಿಲ್ದಾಣದಲ್ಲಿ 2015ರ ಚಳಿಗಾಲದಿಂದ ನಡೆದ ವೈಫೆಕ್ಸ್ ಎಂಬ ಮಂಜಿನ ಅಧ್ಯಯನದಲ್ಲಿ ಉಷ್ಣಾಂಶ, ತೇವ, ವಿಕಿರಣದ ಜೊತೆಗೆ ಗಾಳಿಯ ಕಣಗಳನ್ನೂ ಅಳೆದದ್ದು ಇದಕ್ಕಾಗಿಯೇ.

ಮಂಜು ಹುಟ್ಟುವ ಕ್ಷಣ ತಪ್ಪುವುದೇಕೆ? ನೆಲ ತಣ್ಣಗಾಗಿ ಕಟ್ಟುವ ಮಂಜು ಮೊದಲು ಕೆಲವೇ ಮೀಟರ್ ದಪ್ಪ ಇರುತ್ತದೆ. ಮಾದರಿಯ ಅತಿ ಕೆಳಗಿನ ಪದರವೇ ಇಪ್ಪತ್ತು ಮೀಟರ್ ದಪ್ಪವಿದ್ದರೆ ಅದಕ್ಕೆ ಈ ಮಂಜು ಇಲ್ಲವೇ ಇಲ್ಲ. ಇನ್ನು ಉಷ್ಣಾಂಶ ಒಂದು ಡಿಗ್ರಿ ಹೆಚ್ಚಿದ್ದರೆ ಸಾಪೇಕ್ಷ ತೇವಾಂಶ ನೂರರಿಂದ ಸುಮಾರು ತೊಂಬತ್ತನಾಲ್ಕಕ್ಕೆ ಇಳಿಯುತ್ತದೆ, ಮಾದರಿಯಲ್ಲಿ ಆಕಾಶ ನಿಚ್ಚಳ. ಮಣ್ಣಿನ ತೇವ ತಪ್ಪಿರಬಹುದು. ಮೇಲೊಂದು ತೆಳು ಮೋಡ ಬಂದು ನೆಲದ ಶಾಖವನ್ನು ತಡೆದಿರಬಹುದು. ಗಾಳಿ ತೀರಾ ನಿಂತಿದ್ದರೆ ತೇವ ಮಂಜಾಗುವ ಬದಲು ಇಬ್ಬನಿಯಾಗಿ ಹುಲ್ಲಿನ ಮೇಲೆ ಕೂತುಬಿಡುತ್ತದೆ. ತುಸು ಹೆಚ್ಚು ಬೀಸಿದರೆ ಮೇಲಿನ ಒಣ ಗಾಳಿ ಬೆರೆತು ಮಂಜು ಕಟ್ಟುವುದೇ ಇಲ್ಲ.

ಚೆದುರುವ ಹೊತ್ತಿಗೂ ಲೆಕ್ಕವಿದೆ. ತೆಳು ಮಂಜಿದ್ದರೆ ಸೂರ್ಯೋದಯವಾದ ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ಆದರೆ ಮಂಜು ದಪ್ಪಗಾಗಿ ನೆಲದ ಶಾಖ ಅದರಾಚೆ ಹೊರಡದ ಹಂತ ತಲುಪಿದರೆ, ತಣ್ಣಗಾಗುವ ಮೇಲ್ಮೈ ನೆಲದಿಂದ ಮಂಜಿನ ನೆತ್ತಿಗೆ ಸರಿಯುತ್ತದೆ. ನೆತ್ತಿಯ ತಣ್ಣನೆಯ ಗಾಳಿ ಕೆಳಗಿಳಿದು ಇಡೀ ಪದರ ಕಲಸಿ ಒಂದಾಗುತ್ತದೆ. ಅಂಥ ಮಂಜು ಮಧ್ಯಾಹ್ನದವರೆಗೂ ಜಗ್ಗುವುದಿಲ್ಲ. ಈ ತಿರುವನ್ನು ಮಾದರಿ ಬೇಗ ಮಾಡಿಬಿಟ್ಟರೆ ಮಂಜು ಅತಿಯಾಗಿ ದಪ್ಪವಾಗುತ್ತದೆ, ತಡವಾದರೆ ಬೇಗ ಚೆದುರುತ್ತದೆ. ರಾತ್ರಿಯಿಡೀ ಎರಡು ಎತ್ತರದಲ್ಲಿ, ಎರಡು ಮೀಟರ್ ಮತ್ತು ಇಪ್ಪತ್ತು ಮೀಟರಿನಲ್ಲಿ, ಉಷ್ಣಾಂಶ ಅಳೆಯುವ ಒಂದು ಕಂಬವಿದ್ದರೆ ಈ ತಿರುವು ಕಣ್ಣಿಗೆ ಕಾಣುತ್ತದೆ: ಎರಡೂ ಅಂಕಿಗಳ ನಡುವಿನ ವ್ಯತ್ಯಾಸ ಇಲ್ಲವಾದಾಗ ಪದರ ಕಲಸಿತು ಎಂದರ್ಥ. ದೊಡ್ಡ ಖರ್ಚಿಲ್ಲದೆ ಪ್ರತಿ ನಿಲ್ದಾಣವೂ ಮಾಡಬಹುದಾದ ಕೆಲಸ ಇದು, ಮತ್ತು ಮಾದರಿ ತಿದ್ದುವವರಿಗೆ ಇದಕ್ಕಿಂತ ಉಪಯುಕ್ತ ದತ್ತಾಂಶ ಕಡಿಮೆ.

ಹಿಮಗಟ್ಟುವಿಕೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸೊನ್ನೆಗಿಂತ ಕೆಳಗಿದ್ದರೂ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿದ ಹನಿಗಳು, ಹೆಚ್ಚಾಗಿ ಸೊನ್ನೆಯಿಂದ ಮೈನಸ್ 20 ಡಿಗ್ರಿಯ ನಡುವೆ, ರೆಕ್ಕೆಗೆ ತಾಕಿದ ಕೂಡಲೇ ಹಿಮವಾಗುತ್ತವೆ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಎಟಿಆರ್-72 ವಿಮಾನ ಬಿದ್ದು 68 ಜನ ಸತ್ತದ್ದು ದೊಡ್ಡ ಗಾತ್ರದ ಅಂಥ ಹನಿಗಳಿಂದ. ರೆಕ್ಕೆಯ ಮುಂಚೂಣಿಯ ರಕ್ಷಣೆಯನ್ನು ದಾಟಿ ಹಿಂದಕ್ಕೆ ಹರಿದು ಹಿಮ ಕಟ್ಟಿತ್ತು. ಮಾದರಿಯ ಮೋಡದ ಭೌತಿಕ ಸೂತ್ರ ದ್ರವವನ್ನು ಬೇಗ ಹಿಮಕಣವಾಗಿಸಿಬಿಟ್ಟರೆ ಅಪಾಯವೇ ಮಾಯ. ಆದ್ದರಿಂದ ಇಲ್ಲಿ ಸುಧಾರಣೆ ಎಂದರೆ ಹಿಮಕಣ ಹುಟ್ಟುವ ವೇಗವನ್ನು ತಿದ್ದುವುದು ಮತ್ತು ಹನಿಯ ದ್ರವ್ಯರಾಶಿಯ ಜೊತೆ ಸಂಖ್ಯೆಯನ್ನೂ ಲೆಕ್ಕಕ್ಕೆ ತರುವುದು.

ಟರ್ಬ್ಯುಲೆನ್ಸ್ ಬೇರೆಯೇ ಸಮಸ್ಯೆ. ವಿಮಾನವನ್ನು ಕುಲುಕುವ ಸುಳಿಗಳ ಗಾತ್ರ ಸುಮಾರು ನೂರು ಮೀಟರಿನಿಂದ ಒಂದು ಕಿಲೋಮೀಟರ್. ಯಾವ ದಿನನಿತ್ಯದ ಮಾದರಿಗೂ ಇದು ಕಾಣುವುದಿಲ್ಲ. ಸುಳಿ ಹುಟ್ಟುವಂಥ ಪರಿಸ್ಥಿತಿ ಎಲ್ಲಿದೆ ಎಂದು ಮಾತ್ರ ಗುರುತಿಸಬಹುದು. ಎತ್ತರಕ್ಕೆ ತಕ್ಕಂತೆ ಗಾಳಿ ಎಷ್ಟು ಬದಲಾಗುತ್ತದೆ, ಪದರ ಎಷ್ಟು ಸ್ಥಿರ ಎಂಬುದರ ಅನುಪಾತವನ್ನು ರಿಚರ್ಡ್‌ಸನ್ ಸಂಖ್ಯೆ ಎನ್ನುತ್ತೇವೆ. ಅದು 0.25ಕ್ಕಿಂತ ಕೆಳಗಿಳಿದರೆ ಪದರ ಒಡೆದು ಸುಳಿಯಾಗುತ್ತದೆ. ಇಂಥ ಹಲವು ಸೂಚಕಗಳನ್ನು ಒಟ್ಟು ಸೇರಿಸಿ ಇಡಿಆರ್ (ಗಾಳಿಯ ಸುಳಿಗಳ ಶಕ್ತಿ ಕರಗುವ ವೇಗದಿಂದ ಪಡೆದ ಅಂಕಿ) ಎಂಬ ಒಂದೇ ಅಳತೆಗೆ ತರುವುದು ಈಗಿನ ಪದ್ಧತಿ. ಅಂತರರಾಷ್ಟ್ರೀಯ ನಿಯಮದಲ್ಲಿ ಇಡಿಆರ್ 0.20 ದಾಟಿದರೆ ಮಧ್ಯಮ, 0.45 ದಾಟಿದರೆ ತೀವ್ರ. ಇದರ ದೊಡ್ಡ ಗುಣ, ಇದು ಗಾಳಿಯ ಅಳತೆ, ವಿಮಾನದ ಅನುಭವದ ಅಳತೆ ಅಲ್ಲ. ಪೈಲಟ್ ಬಾಯಿಮಾತಿನ ವರದಿಯಲ್ಲಿ ಸಣ್ಣ ವಿಮಾನದವರಿಗೆ ತೀವ್ರ ಅನಿಸಿದ್ದು ದೊಡ್ಡ ವಿಮಾನದವರಿಗೆ ಹಗುರ. ಜೊತೆಗೆ ಅಪಾಯವಿದ್ದಲ್ಲಿಗೆ ಯಾರೂ ಹೋಗುವುದಿಲ್ಲ, ಹಾಗಾಗಿ ವರದಿ ಇಲ್ಲದ ಜಾಗ ಶಾಂತ ಜಾಗ ಎಂದು ಮಾದರಿಯನ್ನು ಪರೀಕ್ಷಿಸಲು ಹೊರಟರೆ ಲೆಕ್ಕವೇ ಕೆಡುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ, ಕೃತಕ ಬುದ್ಧಿಮತ್ತೆಯ ಮಾದರಿಗಳು. ಪಂಗು, ಗ್ರಾಫ್‌ಕಾಸ್ಟ್ 2023ರಲ್ಲಿ ಬಂದವು, ಯುರೋಪಿನ ಕೇಂದ್ರ ತನ್ನ ಎಐಎಫ್‌ಎಸ್ ಅನ್ನು 2025ರ ಫೆಬ್ರುವರಿಯಲ್ಲಿ ದಿನನಿತ್ಯದ ಬಳಕೆಗೆ ತಂದಿತು. ದೊಡ್ಡ ವಿನ್ಯಾಸಗಳಲ್ಲಿ ಇವು ನಿಜಕ್ಕೂ ಚೆನ್ನಾಗಿವೆ, ಬಹಳ ಬೇಗ ಓಡುತ್ತವೆ. ಆದರೆ ಟರ್ಬ್ಯುಲೆನ್ಸ್‌ಗೆ ಹಾಗೇ ಬಳಸುವ ಮೊದಲು ಒಂದು ಲೆಕ್ಕ ಮಾಡಿ. ಇಂಥ ಹಲವು ಮಾದರಿಗಳು ಎತ್ತರವನ್ನು ಹದಿಮೂರು ಒತ್ತಡ ಮಟ್ಟಗಳಲ್ಲಿ ಮಾತ್ರ ಕೊಡುತ್ತವೆ. ಹಾರಾಟದ ಎತ್ತರದಲ್ಲಿ 250 ಮತ್ತು 200 ಹೆಕ್ಟೊಪ್ಯಾಸ್ಕಲ್ ಮಟ್ಟಗಳ ನಡುವೆ ಸುಮಾರು 1,400 ಮೀಟರ್. ಅದರೊಳಗೆ 300 ಮೀಟರ್ ದಪ್ಪದ ಪದರವೊಂದರಲ್ಲಿ ಗಾಳಿ ಸೆಕೆಂಡಿಗೆ 15 ಮೀಟರ್ ಬದಲಾಗಿದೆ ಎನ್ನಿ. ವಾಯುಮಂಡಲದ ಆ ಭಾಗದ ಸಾಮಾನ್ಯ ಸ್ಥಿರತೆಯಲ್ಲಿ ನಿಜವಾದ ರಿಚರ್ಡ್‌ಸನ್ ಸಂಖ್ಯೆ 0.16, ಅಂದರೆ ಪದರ ಒಡೆಯುತ್ತದೆ. ಅದೇ ಬದಲಾವಣೆಯನ್ನು 1,400 ಮೀಟರಿಗೆ ಹರಡಿದರೆ ಸಂಖ್ಯೆ 3.5, ಪೂರ್ತಿ ಶಾಂತ. ಜೊತೆಗೆ ಸರಾಸರಿ ತಪ್ಪನ್ನು ಕಡಿಮೆ ಮಾಡಲು ಕಲಿತ ಮಾದರಿ ಅನುಮಾನವಿದ್ದಲ್ಲೆಲ್ಲ ನುಣುಪು ಮಾಡುತ್ತದೆ, ಎತ್ತರದಲ್ಲಿ ಕಿರಿದಾದ ಪಟ್ಟಿಯಂತೆ ವೇಗವಾಗಿ ಬೀಸುವ ಜೆಟ್ ಗಾಳಿಯ ತುದಿಗಳೇ ಮೊದಲು ಸವೆಯುತ್ತವೆ. ಅಂಕ ಏರುತ್ತದೆ, ನಮಗೆ ಬೇಕಾದದ್ದು ಕಳೆದುಹೋಗುತ್ತದೆ. ಪರಿಹಾರ ಇದೆ: ಹೆಚ್ಚು ಮಟ್ಟಗಳಲ್ಲಿ ಕಲಿಸುವುದು, ಒಂದೇ ಉತ್ತರದ ಬದಲು ಹಲವು ಸಂಭಾವ್ಯ ಉತ್ತರಗಳ ಗುಂಪನ್ನು ಕೊಡುವಂತೆ ತರಬೇತಿ ಕೊಡುವುದು. ಎರಡೂ ದಿಕ್ಕಿನಲ್ಲಿ ಕೆಲಸ ನಡೆದಿದೆ.

ಪರೀಕ್ಷೆಯ ವಿಧಾನವನ್ನೂ ಬದಲಿಸಬೇಕು. ಮಾದರಿ ಗುಡುಗು ಸಾಲನ್ನು ಸರಿಯಾಗಿ ಕಟ್ಟಿ ಮೂವತ್ತು ಕಿಲೋಮೀಟರ್ ಪಕ್ಕದಲ್ಲಿಟ್ಟರೆ, ಚೌಕಕ್ಕೆ ಚೌಕ ಹೋಲಿಸುವ ಅಂಕದಲ್ಲಿ ಅದಕ್ಕೆ ಎರಡು ಸಲ ಶಿಕ್ಷೆ. ಇದ್ದಲ್ಲಿ ತೋರಿಸಲಿಲ್ಲ ಎಂದು ಒಂದು, ಇಲ್ಲದಲ್ಲಿ ತೋರಿಸಿತು ಎಂದು ಇನ್ನೊಂದು. ಏನೂ ತೋರಿಸದ ಮಾದರಿಗೆ ಒಂದೇ ಶಿಕ್ಷೆ. ಆದ್ದರಿಂದ ಸುತ್ತಮುತ್ತಲಿನ ವಲಯವನ್ನು ಒಟ್ಟಾಗಿ ತೆಗೆದುಕೊಂಡು, ಅದರ ಎಷ್ಟು ಭಾಗದಲ್ಲಿ ಮೋಡ ಇತ್ತು ಎಂದು ಹೋಲಿಸುವ ಅಂಕಗಳನ್ನು ಬಳಸಿ. ನಿಲ್ದಾಣದ ಮಟ್ಟಿಗೆ ಸರಾಸರಿ ದೃಷ್ಟಿ ದೂರದ ತಪ್ಪನ್ನು ನೋಡಲೇಬೇಡಿ. 8,000 ಮೀಟರ್ ಇದ್ದಾಗ 6,000 ಎಂದದ್ದರಿಂದ ಯಾರಿಗೂ ನಷ್ಟವಿಲ್ಲ. 550 ಮತ್ತು 300ರ ಗೆರೆಗಳನ್ನು ದಾಟಿತೋ ಇಲ್ಲವೋ, ಎಷ್ಟು ಹೊತ್ತು ಹಿಂದು ಮುಂದಾಯಿತು, ಅಷ್ಟೇ ನೋಡಿ. ಸಂಭವನೀಯತೆಯನ್ನು ಕೊಡುವುದಾದರೆ, ಶೇ 30 ಎಂದು ಹೇಳಿದ ದಿನಗಳಲ್ಲಿ ನಿಜಕ್ಕೂ ಹತ್ತಕ್ಕೆ ಮೂರು ದಿನ ಮಂಜು ಬಿತ್ತೇ ಎಂದು ಪರೀಕ್ಷಿಸಿ. ಆಗ ಮಾತ್ರ ಡಿಸ್ಪ್ಯಾಚರ್ ಹೆಚ್ಚುವರಿ ಇಂಧನದ ಖರ್ಚನ್ನು ಬೇರೆ ನಿಲ್ದಾಣಕ್ಕೆ ತಿರುಗುವ ನಷ್ಟದೊಂದಿಗೆ ತೂಗಿ ನೋಡಬಹುದು. ಖರ್ಚು ನಷ್ಟದ ಹತ್ತನೇ ಒಂದು ಭಾಗವಿದ್ದರೆ ಶೇ 10 ದಾಟಿದ ಕೂಡಲೇ ಇಂಧನ ಹಾಕುವುದು ಲಾಭ.

ಕೊನೆಯದಾಗಿ, ಮಾದರಿ ಬದಲಿಸುವ ದಿನದ ಅಪಾಯ. ನಿಲ್ದಾಣದ ಮುನ್ಸೂಚನೆ ಬರೆಯುವವರು ಮಾದರಿಯ ಅಂಕಿಗಳನ್ನು ಹಾಗೇ ಬಳಸುವುದು ಕಡಿಮೆ. ಹಿಂದಿನ ವರ್ಷಗಳ ತಪ್ಪುಗಳಿಂದ ಕಲಿತ ಅಂಕಿ-ಸಂಖ್ಯಾ ತಿದ್ದುಪಡಿಯೊಂದು ನಡುವೆ ಇರುತ್ತದೆ. ಹಳೆಯ ಮಾದರಿ ರಾತ್ರಿ ಒಂದು ಡಿಗ್ರಿ ತಣ್ಣಗೆ ತೋರಿಸುತ್ತಿತ್ತು, ತಿದ್ದುಪಡಿ ಒಂದು ಡಿಗ್ರಿ ಸೇರಿಸುತ್ತಿತ್ತು ಎನ್ನಿ. ಹೊಸ ಮಾದರಿಯಲ್ಲಿ ಆ ದೋಷ ಹೋಗಿದೆ, ಆದರೆ ತಿದ್ದುಪಡಿ ಹಳೆಯದೇ. ಈಗ ಪ್ರತಿ ರಾತ್ರಿಯೂ ಒಂದು ಡಿಗ್ರಿ ಹೆಚ್ಚು, ತೇವಾಂಶ ತೊಂಬತ್ತನಾಲ್ಕು, ಮಂಜಿನ ಮುನ್ಸೂಚನೆಯೇ ಇಲ್ಲ. ಮಾದರಿ ಉತ್ತಮವಾಯಿತು, ಮುನ್ಸೂಚನೆ ಕೆಟ್ಟಿತು. ಇದನ್ನು ತಪ್ಪಿಸಲು ಹೊಸ ಮಾದರಿಯನ್ನು ಕಳೆದ ಕೆಲವು ಚಳಿಗಾಲಗಳ ಮೇಲೆ ಹಿಂದಿನಿಂದ ಓಡಿಸಿ, ತಿದ್ದುಪಡಿಯನ್ನು ಹೊಸದಾಗಿ ಕಲಿಸಬೇಕು. ಹಳೆಯದು, ಹೊಸದು ಎರಡನ್ನೂ ಕನಿಷ್ಠ ಒಂದು ಮಂಜಿನ ಕಾಲ, ಒಂದು ಗುಡುಗು ಕಾಲ ಜೊತೆಜೊತೆಯಾಗಿ ಓಡಿಸಬೇಕು. ಆ ಜೋಡಿ ಓಟದ ಫಲಿತಾಂಶ ಮಾದರಿ ಕಟ್ಟುವವರ ಮೇಜಿನಲ್ಲೇ ಉಳಿಯದೆ ಪಾಳಿಯಲ್ಲಿರುವ ಮುನ್ಸೂಚಕರ ಪರದೆಗೂ ಪ್ರತಿದಿನ ಬರಬೇಕು, ಮತ್ತು ಅವರು ಯಾವ ದಿನ ಯಾವುದನ್ನು ನಂಬಿದರು, ಏಕೆ ನಂಬಿದರು ಎಂಬ ಟಿಪ್ಪಣಿ ಮಾದರಿ ತಂಡಕ್ಕೆ ಅದೇ ವಾರ ತಲುಪಬೇಕು.